ಬೀಜದ ಪರೀಕ್ಷೆ, ಮಕ್ಕಳ ಪರೀಕ್ಷೆ



ಹಿಂಗಾರಿ ಬಿತ್ತನೆಗೆ ಮುಂಚೆ ನಮ್ಮ ರೈತರು ಮಾಡುವ ಒಂದು ಕೆಲಸ ನಿಮಗೆ ಗೊತ್ತಿದ್ದದ್ದೇ. ಮನೆಯ ಜೋಳದಲ್ಲಿ 100 ಕಾಳು ಎಣಿಸಿ, ತೋಯಿಸಿದ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ನಾಲ್ಕೈದು ದಿನ ಬಿಟ್ಟು ಬಿಚ್ಚಿ ನೋಡುತ್ತಾರೆ. ಮೊಳಕೆ ಕಡಿಮೆಯಾಗಿದ್ದರೆ ಬೀಜ ಬದಲಿಸುತ್ತಾರೆ. ಇದೂ ಪರೀಕ್ಷೆಯೇ. ಆದರೆ ಬೀಜವನ್ನು ಬೈಯುವುದಕ್ಕಲ್ಲ, ಮುಂದೇನು ಮಾಡಬೇಕೆಂದು ತಿಳಿಯುವುದಕ್ಕೆ.

ಮಕ್ಕಳ ಪರೀಕ್ಷೆಯ ವಿಷಯದಲ್ಲಿ ನಾವು ಈ ಬುದ್ಧಿಯನ್ನು ಮರೆತಿದ್ದೇವೆ. ಕಳೆದ ವರ್ಷ ಜತ್ತ ಕಡೆಯ ಭಕ್ತರೊಬ್ಬರು ಹತ್ತನೆಯ ತರಗತಿ ಪಾಸಾದ ಮಗನನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. ಗಣಿತದಲ್ಲಿ ಒಳ್ಳೆಯ ಅಂಕ. ನಾವು ಸುಮ್ಮನೆ ಕೇಳಿದೆವು: "ಎಕರೆಗೆ ನಾಲ್ಕು ಕಿಲೋ ಬೀಜವಾದರೆ ಮೂರೂವರೆ ಎಕರೆಗೆ ಎಷ್ಟು ಬೇಕಪ್ಪ?" ಹುಡುಗ ಕಿಸೆಗೆ ಕೈಹಾಕಿ ಮೊಬೈಲ್ ತೆಗೆದ. ಅಕ್ಷರ ಅರಿಯದ ಅವನ ಅಜ್ಜಿ ಪಕ್ಕದಲ್ಲೇ ಕೂತಿದ್ದರು. ಬೆರಳು ಮಡಚಿ, "ಹದಿನಾಲ್ಕ್ರಿ ಅಪ್ಪಾರ" ಎಂದರು.

ಅಲ್ಲಿದ್ದವರು ನಕ್ಕರು. ನಾವು ನಗಲಿಲ್ಲ. ಅಂದು ನಮ್ಮದೇ ತಪ್ಪು ನಮಗೆ ಕಂಡಿತು. ಪ್ರತಿವರ್ಷ ಜಾತ್ರೆಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿದವರು ನಾವೇ. ಕಡಿಮೆ ಅಂಕದ ಮಕ್ಕಳು ಆ ಹೊತ್ತು ಎಲ್ಲಿ ಕೂತಿದ್ದರೆಂದು ಒಮ್ಮೆಯೂ ನೋಡಲಿಲ್ಲ. ತಕ್ಕಡಿ ತೂಕ ಹೇಳುತ್ತದೆ, ಕಾಳಿನೊಳಗಿನ ಹುಳು ಹೇಳುವುದಿಲ್ಲ. ಇದು ವ್ಯಾಪಾರಸ್ಥರಾದ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಮೊಬೈಲನ್ನು ನಾವು ಹಳಿಯುವುದಿಲ್ಲ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಅದೇ ಶಾಲೆಯಾಯಿತು. 2021ರಲ್ಲಿ ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯೇ ರದ್ದಾಗಿ, ಶಾಲೆಯವರು ಕೊಟ್ಟ ಅಂಕಗಳ ಮೇಲೆ ಫಲಿತಾಂಶ ಬಂತು. ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಅವು ಇಂದು ಮೊಬೈಲಿನಲ್ಲೇ ಸಿಗುತ್ತವೆ. ಗಡಿಯ ಕನ್ನಡ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಆದರೆ ಮೊಬೈಲ್ ಉತ್ತರ ಕೊಡುತ್ತದೆಯೇ ಹೊರತು ಮಗುವಿನ ಮುಖ ನೋಡಿ "ತಿಳೀತೇನಪ್ಪ?" ಎಂದು ಕೇಳುವುದಿಲ್ಲ. ಅದನ್ನು ಮನುಷ್ಯರೇ ಕೇಳಬೇಕು.

ಸೊನ್ನಲಿಗೆಯ ಸಿದ್ಧರಾಮರನ್ನು ನೆನೆಯಿರಿ. ಇಂದಿನ ಸೊಲ್ಲಾಪುರವೇ ಆ ಸೊನ್ನಲಿಗೆ. ಅವರು ಕೆರೆ ಕಟ್ಟಿಸುತ್ತಿದ್ದಲ್ಲಿಗೆ ಅಲ್ಲಮಪ್ರಭುಗಳು ಬಂದು ಹರಿತವಾದ ಮಾತಿನಿಂದ ಕೆಣಕಿದರು, ಅಲ್ಲಿದ್ದ ಜನ ಸಿಟ್ಟಿಗೆದ್ದು ಕಲ್ಲೆಸೆದರು ಎಂದು ಶೂನ್ಯಸಂಪಾದನೆ ಹೇಳುತ್ತದೆ. ಪ್ರಭುಗಳು ಅಲ್ಲಿಗೇ ಬಿಟ್ಟು ಹೋಗಲಿಲ್ಲ. ಎದುರಿಗೆ ನಿಂತು ಮಾತಾಡಿದರು, ಅರಿವು ಮೂಡುವವರೆಗೂ ಮಾತಾಡಿದರು. ಆಮೇಲೆ ಸಿದ್ಧರಾಮರು ಅವರ ಸಂಗಡ ಕಲ್ಯಾಣಕ್ಕೆ ನಡೆದರು. ಅಲ್ಲಿ ಪಾಸು ನಪಾಸು ಇರಲಿಲ್ಲ. ಕೇಳಿದವರು ಕೈ ಹಿಡಿದುಕೊಂಡು ಹೋದರು. ಶರಣರ ಪರೀಕ್ಷೆ ಅಂಥದು.

ಸರಕಾರದ ಕಾಯ್ದೆಯಲ್ಲೂ ಇದರ ನೆರಳಿದೆ. ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಐದನೆಯ ಅಥವಾ ಎಂಟನೆಯ ತರಗತಿಯಲ್ಲಿ ನಪಾಸಾದ ಮಗುವಿಗೆ ಹೆಚ್ಚಿನ ಪಾಠ ಹೇಳಿ ಎರಡು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆ ಕೊಡಬೇಕು. ಆ ಎರಡು ತಿಂಗಳು ಮಗು ಹೊಲದಲ್ಲೋ ಅಂಗಡಿಯಲ್ಲೋ ಕಳೆದರೆ ತಪ್ಪು ಕಾಯ್ದೆಯದಲ್ಲ, ನಮ್ಮದು. ಬೀಜವನ್ನಾದರೂ ಬದಲಿಸಬಹುದು, ಮಗುವನ್ನು ಬದಲಿಸಲು ಬಾರದು, ಕಲಿಸುವ ರೀತಿಯನ್ನೇ ಬದಲಿಸಬೇಕು.

ಆದ್ದರಿಂದ ಭಕ್ತರಲ್ಲಿ ನಮ್ಮದೊಂದು ಬಿನ್ನಹ. ರಾತ್ರಿ ಊಟಕ್ಕೆ ಕೂತಾಗ ಮೊಬೈಲನ್ನು ಜಗುಲಿಯ ಮೇಲಿಟ್ಟು, "ಇವತ್ತು ಏನು ಕಲಿತಿ, ನನಗೂ ತಿಳಿಸಿ ಹೇಳು" ಎಂದು ಮಗುವನ್ನು ಕೇಳಿರಿ. ನಿಮಗೆ ಓದು ಬರದಿದ್ದರೂ ಚಿಂತೆಯಿಲ್ಲ. ತಿಳಿಯದವರಿಗೆ ತಿಳಿಸಿ ಹೇಳಿದಾಗಲೇ ಮಗುವಿಗೆ ತನ್ನ ಕಲಿಕೆ ಗಟ್ಟಿಯೋ ಜೊಳ್ಳೋ ಗೊತ್ತಾಗುತ್ತದೆ. ಅಂಗಡಿಯವರು ಸಂಜೆಯ ಲೆಕ್ಕವನ್ನು ಮಗುವಿನ ಬಾಯಿಂದಲೇ ಹೇಳಿಸಿರಿ. ತಪ್ಪಿದರೆ ಬೈಯಬೇಡಿರಿ, ಮತ್ತೊಮ್ಮೆ ಕೇಳಿರಿ.

ನಾವೂ ಒಂದು ನೇಮ ಹಿಡಿದಿದ್ದೇವೆ. ಬರುವ ಜಾತ್ರೆಯಿಂದ ಅಂಕದವರಿಗಷ್ಟೇ ಶಾಲು ಹೊದಿಸುವುದಿಲ್ಲ. ನಪಾಸಾಗಿ, ಎದೆಗುಂದದೆ ಮತ್ತೆ ಓದಲು ಕೂತ ಮಕ್ಕಳನ್ನೂ ವೇದಿಕೆಗೆ ಕರೆಯುತ್ತೇವೆ. ಆ ಮಕ್ಕಳ ಹೆಸರನ್ನು ಸಂಕೋಚಪಡದೆ ಮಠಕ್ಕೆ ತಿಳಿಸಿರಿ.

ಗುರು ಬಸವಣ್ಣನವರ ಕೃಪೆ ನಿಮ್ಮ ಮನೆಯ ಮಕ್ಕಳ ಮೇಲಿರಲಿ.