ಬೀಗ ಹಾಕಿದ ಪೆಟ್ಟಿಗೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವಿಮಾನಪ್ರಯಾಣ ಕೈಗೊಳ್ಳುವ ವ್ಯಕ್ತಿಯು ತನ್ನ ಬಂದೂಕನ್ನೂ ಜೊತೆಯಲ್ಲಿ ಕೊಂಡೊಯ್ಯಬಹುದು. ಕೈಚೀಲದಲ್ಲಿ ಅಲ್ಲ, ಕೌಂಟರಿನಲ್ಲಿ ಒಪ್ಪಿಸಿ ವಿಮಾನದ ಸರಕುಕೋಣೆಗೆ ಹೋಗುವ ಲಗೇಜಿನಲ್ಲಿ ಮಾತ್ರ. ಬಂದೂಕಿನೊಳಗೆ ಗುಂಡು ಇರಕೂಡದು. ಅದನ್ನು ಗಟ್ಟಿಯಾದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಬೀಗದ ಕೈ ಪ್ರಯಾಣಿಕನ ಬಳಿಯೇ ಇರಬೇಕು. ಗುಂಡುಗಳನ್ನು ಅವುಗಳಿಗೆಂದೇ ಮಾಡಿದ ಡಬ್ಬಿಯಲ್ಲಿ ತುಂಬಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಲಗೇಜು ಒಪ್ಪಿಸುವ ಪ್ರತಿ ಸಂದರ್ಭದಲ್ಲಿಯೂ, ಇದರಲ್ಲಿ ಬಂದೂಕಿದೆ ಎಂಬುದನ್ನು ಯಾರೂ ಕೇಳುವ ಮೊದಲೇ ತಾನಾಗಿ ತಿಳಿಸಬೇಕು. ಭಾರತದಲ್ಲಿಯೂ ಪರವಾನಗಿಯುಳ್ಳವರು, ವಿಶೇಷವಾಗಿ ಶೂಟಿಂಗ್ ಕ್ರೀಡಾಪಟುಗಳು, ಸೂಕ್ತ ಕಾಗದಪತ್ರಗಳೊಂದಿಗೆ ಹೀಗೆ ಒಯ್ಯುವುದುಂಟು. ಆದರೆ ಇಲ್ಲಿ ಪರವಾನಗಿ ಪಡೆಯುವುದೇ ಕಷ್ಟಸಾಧ್ಯವಾದುದರಿಂದ ಅದು ನಿತ್ಯದ ಸಂಗತಿಯಲ್ಲ. ಅಮೆರಿಕದಲ್ಲಿ ಅದು ನಿತ್ಯದ ಸಂಗತಿ.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜಕ್ಕೂ ಈ ನಿಯಮಾವಳಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆ. ಇಂದು ಜೈನ ಕುಟುಂಬಗಳ ಮಕ್ಕಳು ಆ ದೇಶದ ಪಟ್ಟಣ ಪಟ್ಟಣಗಳಲ್ಲಿ ನೆಲೆಸಿದ್ದಾರೆ. ಅಂಗಡಿ, ಮೋಟೆಲುಗಳನ್ನು ನಡೆಸುವವರೂ ಅವರಲ್ಲಿದ್ದಾರೆ. ನಡುರಾತ್ರಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಒಂಟಿಯಾಗಿ ಕುಳಿತವನಿಗೆ ಒಂದು ಪಿಸ್ತೂಲು ಇದ್ದರೆ ಲೇಸೆಂಬ ಯೋಚನೆ ಬರುವುದು ದೂರದ ಮಾತಲ್ಲ. ಇನ್ನೊಂದು ಕಾರಣವೂ ಇದೆ. ಈ ಸಣ್ಣ ನಿಯಮದ ಸುತ್ತ ನಡೆದಿರುವ ಘಟನೆಗಳು ಹಿಂಸೆಯ ಲಕ್ಷಣವನ್ನು ಕುರಿತು ಆಚಾರ್ಯರು ಮಾಡಿದ ಸೂಕ್ಷ್ಮ ವಿವೇಚನೆಗೆ ಎರಡು ಕಡೆಗಳಿಂದ ಬೆಳಕು ಬೀರುತ್ತವೆ.

ಮೊದಲನೆಯದು ಮರೆವಿನ ಕಡೆ. ಲಗೇಜಿನಲ್ಲಿಟ್ಟು ತಿಳಿಸಿದರೆ ಸಾಕು, ಯಾವ ದಂಡವೂ ಇಲ್ಲ; ಹಾಗಿದ್ದರೂ 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣಾ ಸ್ಥಾನಗಳಲ್ಲಿ 6,737 ಬಂದೂಕುಗಳು ಕೈಚೀಲಗಳಲ್ಲಿ ಸಿಕ್ಕಿಬಿದ್ದವು. ಆ ವರ್ಷ ಅಲ್ಲಿ ತಪಾಸಣೆಗೊಳಗಾದ ಪ್ರಯಾಣಿಕರು ಸುಮಾರು 86 ಕೋಟಿ. ಎಂದರೆ ಹತ್ತು ಲಕ್ಷ ಮಂದಿಗೆ ಎಂಟರಷ್ಟು. ಪ್ರಮಾಣದಲ್ಲಿ ಅಲ್ಪವೇ ಸರಿ. ಆದರೆ ಸಿಕ್ಕಿಬಿದ್ದವುಗಳಲ್ಲಿ ನೂರಕ್ಕೆ ಸುಮಾರು 93ರಲ್ಲಿ ಗುಂಡು ತುಂಬಿತ್ತು. ಹೀಗೆ ತಂದವರಿಗೆ ಆಗ 14,950 ಡಾಲರುಗಳವರೆಗೆ ದಂಡ ವಿಧಿಸಲು ಅವಕಾಶವಿತ್ತು. ಇಷ್ಟು ದಂಡಕ್ಕೆ ಗುರಿಯಾಗಲು ಯಾರು ತಾನೇ ಬಯಸುವರು? ಹಿಡಿಯಲ್ಪಟ್ಟವರಿಂದ ಅಧಿಕಾರಿಗಳು ಸಾಮಾನ್ಯವಾಗಿ ಕೇಳುವ ಉತ್ತರ ಒಂದೇ: ಅದು ಚೀಲದಲ್ಲಿದೆಯೆಂಬುದೇ ಮರೆತುಹೋಗಿತ್ತು.

ಈ ಉತ್ತರವನ್ನು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. ಬಹುಮಂದಿಯ ವಿಷಯದಲ್ಲಿ ಅದು ನಿಜವೇ ಇರಬೇಕು. ಅದು ನಿಜವಾಗಿರುವುದರಿಂದಲೇ ವಿಚಾರ ಗಂಭೀರವಾಗುತ್ತದೆ. ಲೋಕದ ದೃಷ್ಟಿಯಲ್ಲಿ ಮರೆವು ಒಂದು ಸಮಾಧಾನ; ಕೆಟ್ಟ ಉದ್ದೇಶವಿರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ, ಆದುದರಿಂದ ಪಾಪವಿಲ್ಲ ಎಂದು ಜನ ಹೇಳುತ್ತಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹಾನಿಯನ್ನು ಮೊದಲು ಹೇಳಲಿಲ್ಲ. ಪ್ರಮತ್ತಯೋಗವನ್ನು ಮೊದಲು ಹೇಳಿದರು. ಎಚ್ಚರ ತಪ್ಪಿದ ಮನೋವಚನಕಾಯಗಳ ಪ್ರವೃತ್ತಿಯೇ ಅಲ್ಲಿ ಮೂಲ. ಪ್ರಾಣಹಾನಿ ಅದರ ಹಿಂದೆ ಬರುವ ಸಂಗತಿ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯತ್ನಾಚಾರವಿಲ್ಲದವನ ಹಿಂಸಾದೋಷವು ಎದುರಿನ ಜೀವಿ ಉಳಿಯಿತೇ ಅಳಿಯಿತೇ ಎಂಬುದನ್ನು ಅವಲಂಬಿಸಿಲ್ಲವೆಂಬ ಅಭಿಪ್ರಾಯವನ್ನು ಮುಂದಿಟ್ಟಿದ್ದಾರೆ. ಗುಂಡು ತುಂಬಿದ ಪಿಸ್ತೂಲನ್ನು ಚೀಲದಲ್ಲಿ ಮರೆತವನು ಈ ವಿವೇಚನೆಯ ಮುಂದೆ ನಿರ್ದೋಷಿಯಾಗಿ ನಿಲ್ಲಲಾರ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಆಧಾರವಾಗುವ ಅಧಿಕರಣಗಳ ವಿಚಾರ ಬರುತ್ತದೆ. ಜೀವವೂ ಅಧಿಕರಣ, ಅಜೀವವೂ ಅಧಿಕರಣ. ಅಜೀವಾಧಿಕರಣದ ಭೇದಗಳಲ್ಲಿ ನಿಕ್ಷೇಪವೆಂಬುದು ಒಂದು; ನಿಕ್ಷೇಪವೆಂದರೆ ವಸ್ತುವನ್ನು ಇಡುವುದು, ಅಷ್ಟೇ. ಒಂದು ವಸ್ತುವನ್ನು ಇಡುವ ಕ್ರಿಯೆಯಲ್ಲಿಯೂ ಕರ್ಮಬಂಧಕ್ಕೆ ದಾರಿಯಿದೆಯೆಂದು ಆಚಾರ್ಯರು ಕಂಡುಕೊಂಡರು. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಈ ನಿಕ್ಷೇಪವನ್ನು ಮತ್ತೆ ನಾಲ್ಕಾಗಿ ಬಿಡಿಸಲಾಗಿದೆ: ನೋಡದೆ ಇಡುವುದು, ಸರಿಯಾಗಿ ಶುದ್ಧಮಾಡದೆ ಇಡುವುದು, ಅವಸರದಲ್ಲಿ ಇಡುವುದು, ಗಮನವಿಲ್ಲದೆ ಎಲ್ಲೋ ಇಟ್ಟುಬಿಡುವುದು. ಮುನಿಗಳು ಕಮಂಡಲುವನ್ನು ನೆಲಕ್ಕಿಡುವ ಮುನ್ನ ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇರುವೆಯೊಂದಕ್ಕೆ ತಗಲಬಹುದಾದ ಕಮಂಡಲುವಿಗೇ ಇಷ್ಟು ಎಚ್ಚರ ವಿಹಿತವಾಗಿರುವಾಗ, ಮನುಷ್ಯನನ್ನು ಕ್ಷಣಾರ್ಧದಲ್ಲಿ ಕೊಲ್ಲಬಲ್ಲ ಯಂತ್ರವನ್ನು ಬಟ್ಟೆಬರೆಗಳ ನಡುವೆ ತುರುಕಿ ಮರೆಯುವುದಕ್ಕೆ ಏನೆಂದು ಹೆಸರಿಡಬೇಕು! 2021ರ ನವೆಂಬರ್ 20ರಂದು ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ತಪಾಸಣೆಗೆ ತೆರೆದ ಚೀಲವೊಂದರೊಳಗೆ ಪ್ರಯಾಣಿಕನು ಥಟ್ಟನೆ ಕೈಹಾಕಿದಾಗ ಅದರಲ್ಲಿದ್ದ ಪಿಸ್ತೂಲಿನಿಂದ ಗುಂಡು ಹಾರಿತು. ಗುಂಡು ಯಾರಿಗೂ ತಗಲಲಿಲ್ಲ. ಆದರೆ ಜನ ದಿಕ್ಕುಗೆಟ್ಟು ಓಡಿದರು, ಕೆಲವರಿಗೆ ಗಾಯಗಳಾದವು.

ಹೀಗೆ ನೋಡಿದಾಗ ವಿಮಾನಯಾನದ ನಿಯಮಕ್ಕೆ ಗೌರವ ಸಲ್ಲಲೇಬೇಕು. ಗುಂಡನ್ನು ತೆಗೆದು ನೋಡು, ಬೇರೆಯಾಗಿಡು, ಬೀಗ ಹಾಕು, ಬಾಯಿಬಿಟ್ಟು ಹೇಳು ಎಂಬ ನಾಲ್ಕು ವಿಧಿಗಳು ಆದಾನನಿಕ್ಷೇಪಣ ಸಮಿತಿಗೆ ಲೌಕಿಕ ಸರ್ಕಾರವೊಂದು ಬರೆದ ಭಾಷ್ಯದಂತಿವೆ. ಅದನ್ನು ರೂಪಿಸಿದ ಅಧಿಕಾರಿಗಳು ಆ ಸಮಿತಿಯ ಹೆಸರನ್ನೂ ಕೇಳಿರಲಾರರು.

ಎರಡನೆಯ ಕಡೆಯ ಘಟನೆ ಈ ಗೌರವದ ಎಲ್ಲೆಯನ್ನು ತೋರಿಸುತ್ತದೆ. 2017ರ ಜನವರಿಯಲ್ಲಿ ಇಪ್ಪತ್ತಾರು ವಯಸ್ಸಿನ ಮಾಜಿ ಸೈನಿಕನೊಬ್ಬನು ಅಲಾಸ್ಕಾದ ಆಂಕರೇಜ್ ನಗರದಿಂದ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ಗೆ ಹೊರಟನು. ಮರಳಿ ಬರುವ ಟಿಕೇಟು ಅವನಲ್ಲಿರಲಿಲ್ಲ. ಅವನು ಕೌಂಟರಿನಲ್ಲಿ ಒಪ್ಪಿಸಿದ ಲಗೇಜು ಒಂದೇ, ಪಿಸ್ತೂಲಿನ ಪೆಟ್ಟಿಗೆ. ನಿಯಮವನ್ನು ಅವನು ಎಲ್ಲಿಯೂ ಮುರಿಯಲಿಲ್ಲ. ಪಿಸ್ತೂಲಿನಲ್ಲಿ ಗುಂಡಿರಲಿಲ್ಲ, ಪೆಟ್ಟಿಗೆಗೆ ಬೀಗವಿತ್ತು, ಬಂದೂಕಿದೆಯೆಂದು ತಿಳಿಸಿದ್ದನು. ಮಿನಿಯಾಪೊಲಿಸ್‌ನಲ್ಲಿ ವಿಮಾನ ಬದಲಿಸಿ, ಜನವರಿ 6ರಂದು ಇಳಿದು, ತನ್ನ ಪೆಟ್ಟಿಗೆಯನ್ನು ಪಡೆದು, ಶೌಚಾಲಯದೊಳಗೆ ಹೋಗಿ ಗುಂಡು ತುಂಬಿಕೊಂಡು ಹೊರಬಂದನು. ಲಗೇಜಿಗಾಗಿ ಕಾಯುತ್ತಿದ್ದವರ ಮೇಲೆ ಗುಂಡು ಹಾರಿಸಿದನು. ಐವರು ಸತ್ತರು, ಆರು ಮಂದಿಗೆ ಗುಂಡೇಟು ತಗುಲಿತು. ಗುಂಡುಗಳು ಮುಗಿದ ಮೇಲೆ ನೆಲದ ಮೇಲೆ ಮಲಗಿ ಪೊಲೀಸರಿಗೆ ಸಿಕ್ಕಿದನು. 2018ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಇದರಲ್ಲಿ ಇನ್ನೂ ಒಂದು ಮಾತು ಮನಸ್ಸನ್ನು ಕಾಡುತ್ತದೆ. ಘಟನೆಗೆ ಎರಡು ತಿಂಗಳ ಹಿಂದೆ, 2016ರ ನವೆಂಬರಿನಲ್ಲಿ, ಅವನು ತಾನಾಗಿಯೇ ಕೇಂದ್ರ ತನಿಖಾ ಸಂಸ್ಥೆಯ ಕಚೇರಿಗೆ ಹೋಗಿ ತನ್ನ ಮನಸ್ಸು ತನ್ನ ಹಿಡಿತದಲ್ಲಿಲ್ಲವೆಂಬಂತೆ ಮಾತನಾಡಿದ್ದನು. ಆಗ ಪೊಲೀಸರು ಅವನ ಪಿಸ್ತೂಲನ್ನು ತೆಗೆದಿರಿಸಿಕೊಂಡು ಡಿಸೆಂಬರಿನಲ್ಲಿ ಹಿಂದಿರುಗಿಸಿದರು. ಆ ಪಿಸ್ತೂಲೇ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಿತು.

ಮರೆತವನು ನಿಯಮವನ್ನು ಮುರಿದನು, ಕೊಲ್ಲುವ ಉದ್ದೇಶ ಅವನಲ್ಲಿರಲಿಲ್ಲ. ಇವನು ನಿಯಮವನ್ನು ಅಕ್ಷರಶಃ ಪಾಲಿಸಿದನು, ಕೊಲೆಯ ಸಂಕಲ್ಪವನ್ನು ಹೊತ್ತುಕೊಂಡೇ ವಿಮಾನ ಏರಿದನು. ಜಪಮಾಲೆಯ ನೂರೆಂಟು ಮಣಿಗಳ ಲೆಕ್ಕವನ್ನು ಬಲ್ಲವರಿಗೆ ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಹಂತಗಳು ಪರಿಚಿತ. ಮಾಡುವೆನೆಂಬ ನಿಶ್ಚಯ ಸಂರಂಭ. ಸಾಧನಗಳನ್ನು ಕೂಡಿಸುವುದು ಸಮಾರಂಭ. ಕಾರ್ಯಕ್ಕೆ ತೊಡಗುವುದು ಆರಂಭ. ಈ ಮೂರು ಮನೋವಚನಕಾಯಗಳಿಂದಲೂ, ಕೃತ ಕಾರಿತ ಅನುಮೋದನೆಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಲ್ಪಟ್ಟು ನೂರೆಂಟಾಗುತ್ತವೆ. ಕಾನೂನಿಗೆ ಕಾಣಿಸಿದ್ದು ಶೌಚಾಲಯದಿಂದ ಹೊರಬಂದ ಆರಂಭ ಮಾತ್ರ. ಟಿಕೇಟು ಕೊಳ್ಳುವುದು, ಪೆಟ್ಟಿಗೆ ಕಟ್ಟುವುದು ಎಂಬ ಸಮಾರಂಭವು ಅದರ ಕಣ್ಣೆದುರೇ, ಅದರ ಅನುಮತಿಯಿಂದಲೇ ನಡೆಯಿತು. ಸಂರಂಭವನ್ನು ಹಿಡಿಯುವ ಯಂತ್ರ ಯಾವ ವಿಮಾನ ನಿಲ್ದಾಣದಲ್ಲಿಯೂ ಇಲ್ಲ.

ಕನ್ನಡದ ಜೈನ ಓದುಗರಿಗೆ ಇಲ್ಲಿ ಜನ್ನನ ಯಶೋಧರ ಚರಿತೆ ನೆನಪಾಗದೆ ಇರದು. ಯಶೋಧರನು ಕೊಂದದ್ದು ಹಿಟ್ಟಿನ ಕೋಳಿಯನ್ನು. ಜೀವವನ್ನು ಕೊಲ್ಲಲಾರೆನೆಂದು ಹಿಂಜರಿದವನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯ ಬಲಿಗೆ ಒಪ್ಪಿದನು. ಆ ಸಂಕಲ್ಪವೇ ಅವನನ್ನೂ ತಾಯಿಯನ್ನೂ ಪಶುಪಕ್ಷಿಗಳ ಜನ್ಮಗಳಲ್ಲಿ ಅಲೆಸಿತು. ಕಾಗದದ ಗುರಿಗೆ ಹೊಡೆಯುವ ಕ್ರೀಡಾಪಟುವಿನ ಮೇಲೂ ಈ ದೋಷವನ್ನು ಹೊರಿಸಬಹುದೇ ಎಂದರೆ, ಹೊರಿಸಲಾಗದು. ಅವನ ಚಿತ್ತ ವೃತ್ತದ ಮಧ್ಯಬಿಂದುವಿನಲ್ಲಿದೆ, ಪ್ರಾಣಿಯಲ್ಲಿಲ್ಲ. ಅವನು ರೈಫಲನ್ನು ವಿಮಾನದಲ್ಲಿ ಒಯ್ಯುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಆದರೆ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡುವ ಜಿಂಕೆಯ ಆಕೃತಿಗೆ ಗುಂಡು ಹೊಡೆಯುವ ಸ್ಪರ್ಧೆಯೊಂದಿತ್ತು. ಅದರಲ್ಲಿ ಗೆದ್ದವನನ್ನು ಯಶೋಧರನ ಪಕ್ಕದಲ್ಲಿ ಕೂರಿಸಬೇಕೇ ಬೇಡವೇ ಎಂಬುದನ್ನು ಪಂಡಿತರು ಚರ್ಚಿಸಲಿ.

ಶ್ರಾವಕನು ಆಯುಧವನ್ನು ಮುಟ್ಟಲೇಬಾರದೆಂದು ಶಾಸ್ತ್ರ ಹೇಳುವುದಿಲ್ಲ. ಸಂಕಲ್ಪೀ ಹಿಂಸೆಯನ್ನು ಅವನು ಪೂರ್ಣವಾಗಿ ತ್ಯಜಿಸಬೇಕು. ತನ್ನನ್ನೂ ಆಶ್ರಿತರನ್ನೂ ರಕ್ಷಿಸಿಕೊಳ್ಳುವಾಗ ಒದಗುವ ವಿರೋಧೀ ಹಿಂಸೆಯಿಂದ ಗೃಹಸ್ಥನು ಸಂಪೂರ್ಣವಾಗಿ ಪಾರಾಗಲಾರನು. ಗೊಮ್ಮಟೇಶ್ವರನನ್ನು ಕಡೆಯಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನು. ಮಲೆನಾಡಿನ ಜೈನ ಕೃಷಿಕರ ಕೆಲವು ಮನೆಗಳಲ್ಲಿ ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಇಂದಿಗೂ ಇವೆ. ಚುನಾವಣೆ ಬಂದಾಗ ಅವುಗಳನ್ನು ಠಾಣೆಯಲ್ಲಿ ಒಪ್ಪಿಸಿ ಬರಬೇಕಾಗುತ್ತದೆ. ಆ ತಿಂಗಳುಗಳಲ್ಲಿಯೂ ಮನೆ ನಡೆಯುತ್ತದೆ.

ಈಗ ಅಮೆರಿಕದ ಒಬ್ಬ ಶ್ರಾವಕ ಅಂಗಡಿಕಾರನನ್ನು ಕಲ್ಪಿಸಿಕೊಳ್ಳಬಹುದು. ಅವನ ಅಂಗಡಿಯಲ್ಲಿ ಹಿಂದೊಮ್ಮೆ ದರೋಡೆಯಾಗಿದೆ. ಅಂದಿನಿಂದ ಅವನು ಪಿಸ್ತೂಲು ಇಟ್ಟುಕೊಂಡಿದ್ದಾನೆ. ದೂರದ ಊರಿನಲ್ಲಿ ಬಂಧುಗಳ ಮದುವೆ. ಅವನು ಸೂಟ್‌ಕೇಸು ಕಟ್ಟುವಾಗ ಪಿಸ್ತೂಲಿನ ಗುಂಡು ತೆಗೆದು, ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ನಾಳೆ ಕೌಂಟರಿನಲ್ಲಿ ತಿಳಿಸುವೆನೆಂದುಕೊಳ್ಳುತ್ತಾನೆ. ಮರೆತವರಿಗಿಂತ ಅವನು ಎಷ್ಟೋ ಮೇಲು. ಆದರೂ ವಿರೋಧೀ ಹಿಂಸೆಯ ಆಸರೆ ಅವನಿಗೆ ಇಲ್ಲಿ ದೊರೆಯುವುದೇ? ರಕ್ಷಣೆ ಬೇಕಾಗಿದ್ದ ಅಂಗಡಿ ಇದ್ದಲ್ಲಿಯೇ ಉಳಿಯಿತು. ರಕ್ಷಣೆಯ ಸಾಧನ ಮಾತ್ರ ಮದುವೆಗೆ ಹೊರಟಿತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ಎಣಿಸಿದ್ದಾರೆ. ಆಯುಧಾದಿಗಳನ್ನು ಇತರರಿಗೆ ಕೊಡುವ ಹಿಂಸಾದಾನವೂ, ಎಚ್ಚರಗೇಡಿ ನಡೆಯಾದ ಪ್ರಮಾದಚರ್ಯೆಯೂ ಅವುಗಳಲ್ಲಿವೆ. ಅನರ್ಥವೆಂದರೆ ಪ್ರಯೋಜನವಿಲ್ಲದುದು. ವ್ಯಾಪಾರಸ್ಥನಿಗೆ ಈ ಮಾತು ಬೇಗ ಅರ್ಥವಾಗಬೇಕು. ಜಮೆಯಿಲ್ಲದ ಖರ್ಚನ್ನು ಖಾತೆಯಲ್ಲಿ ಕಂಡಾಗ ಅವನು ಸುಮ್ಮನಿರುವುದಿಲ್ಲ. ಮದುವೆಯ ಮನೆಯಲ್ಲಿ ಪಿಸ್ತೂಲಿನಿಂದ ಆಗಬೇಕಾದ ಕೆಲಸವೇನೂ ಇಲ್ಲ. ಆದರೆ ಅಪರಿಚಿತ ಮನೆ, ಕುತೂಹಲದ ಮಕ್ಕಳು, ಹೇಗೋ ತೆರೆದುಕೊಂಡ ಪೆಟ್ಟಿಗೆ ಎಂಬ ನೂರು ಸಂಭವಗಳು ಅದರ ಜೊತೆಗೇ ಬಂದಿಳಿಯುತ್ತವೆ.

ಅವನೇಕೆ ಅದನ್ನು ಒಯ್ಯುತ್ತಾನೆ? ಕೇಳಿದರೆ ಅಭ್ಯಾಸವೆನ್ನಬಹುದು, ಕಾಲ ಕೆಟ್ಟಿದೆಯೆನ್ನಬಹುದು. ಸಮ್ಯಗ್ದೃಷ್ಟಿಗೆ ಇರಬಾರದ ಸಪ್ತಭಯಗಳಲ್ಲಿ ಅಗುಪ್ತಿಭಯವೆಂಬುದು ಒಂದು. ಕಾಪಿಲ್ಲದೆ ಇದ್ದೇನೆಂಬ ಅಂಜಿಕೆ ಅದು. ದರೋಡೆಯ ದಿನ ಹುಟ್ಟಿದ ಆ ಅಂಜಿಕೆ ನ್ಯಾಯವಾದುದೇ ಆಗಿತ್ತು. ವರ್ಷಗಳು ಕಳೆದ ಮೇಲೂ ಅದು ಅವನೊಂದಿಗೆ ವಿಮಾನ ಹತ್ತುತ್ತದೆ. ಅದಕ್ಕೆ ಟಿಕೇಟೂ ಬೇಡ, ಅದನ್ನು ತಿಳಿಸಬೇಕೆಂಬ ನಿಯಮವೂ ಇಲ್ಲ.

ಬೆಳಗ್ಗೆ ಕೌಂಟರಿನಲ್ಲಿರುವ ಹುಡುಗಿ ಗುಂಡು ತೆಗೆದಿದೆಯೇ, ಬೀಗ ಹಾಕಿದೆಯೇ ಎಂದಷ್ಟೇ ವಿಚಾರಿಸುತ್ತಾಳೆ. ಏತಕ್ಕೆ ಒಯ್ಯುತ್ತಿರುವಿರಿ ಎಂದು ಕೇಳುವುದು ಅವಳ ಕೆಲಸವಲ್ಲ. ಆ ಪ್ರಶ್ನೆಗೆ ಹೊರಡುವ ಹಿಂದಿನ ರಾತ್ರಿ, ಸೂಟ್‌ಕೇಸು ಇನ್ನೂ ತೆರೆದಿರುವಾಗ, ಸಾಮಾಯಿಕದ ನಲವತ್ತೆಂಟು ನಿಮಿಷಗಳಿವೆ.