ಕಾಯುವವನ ಸುಳ್ಳು

ಹೆಮ್ಮಿಗೆಯಲ್ಲಿರುವ ನನ್ನ ಚಿಕ್ಕಪ್ಪನ ಮಗ 2021ರಲ್ಲಿ ಸೇನಾ ಭರ್ತಿಯ ಓಟ, ವೈದ್ಯಕೀಯ ಪರೀಕ್ಷೆ ಎರಡರಲ್ಲೂ ಪಾಸಾದ. ಲಿಖಿತ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು. ಸುಮ್ಮನೆ ಕೂರಲಾಗದೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಕೇಳಿದ. "ಬಿಟ್ಟು ಹೋಗಲ್ಲ ತಾನೇ?" ಎಂದರು. "ಇಲ್ಲ ಸಾರ್" ಎಂದ.

ಸುಳ್ಳು ಹೇಳಬಾರದಿತ್ತು ಎಂದೆ ನಾನು. "ನಿಜ ಹೇಳಿದ್ರೆ ಕೆಲಸ ಕೊಡೋರಾ ಅಣ್ಣ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾಯಿತು. ಅರ್ಧಕ್ಕೆ ನಿಂತಿದ್ದ ಹಳೆಯ ಭರ್ತಿ ರದ್ದಾಯಿತು. ಹೀಗೆ ಕಾದವರಿಗೆ ನೇಮಕದ ಹಕ್ಕಿಲ್ಲ ಎಂಬ ತೀರ್ಪನ್ನು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಕಾನೂನಿನ ಮಾತು ಅದು. ನೀತಿಯ ಪ್ರಶ್ನೆ ಬೇರೆ: ಮಾತು ಉಳಿಸಿಕೊಳ್ಳುವ ಭಾರ ಯಾರದು? ಗುತ್ತಿಗೆಯವನನ್ನು ಬೇಡವೆಂದ ದಿನ ಕಳಿಸಬಹುದು. ಕಾದವನಿಗೆ ಭರ್ತಿಯೇ ಇಲ್ಲ ಎನ್ನಬಹುದು. ಅವನು ಮಾತ್ರ "ಹೋಗಲ್ಲ" ಎಂದು ಮಾತು ಕೊಡಬೇಕು. ಸತ್ಯ ದೊಡ್ಡದೆಂದು ಈಗಲೂ ನಂಬುತ್ತೇನೆ. ಆದರೆ ತಾನು ಮಾತು ಕೊಡದವನು ಇನ್ನೊಬ್ಬನಿಂದ ಮಾತು ಕೇಳಬಾರದು. "ಇರೋವಷ್ಟು ದಿನ ನಿಯತ್ತಾಗಿ ದುಡೀತೀಯಾ?" ಎಂದು ಕೇಳಿದ್ದರೆ ಅವನು ನಿಜವನ್ನೇ ಹೇಳುತ್ತಿದ್ದ.

ಅವನು ಈಗಲೂ ಅದೇ ಕಾರ್ಖಾನೆಯಲ್ಲಿದ್ದಾನೆ. ಅಂದಿನ ಸುಳ್ಳು ನಿಜವಾಗಿದೆ. ಅದರಿಂದ ಅವನಿಗೇನೂ ಸಮಾಧಾನವಿಲ್ಲ.