ಯಾರ ಕೈ, ಯಾರ ಬಾಯಿ

‘ಕೈ ಕೆಸರಾದರೆ ಬಾಯಿ ಮೊಸರು.’ ಪರೀಕ್ಷೆಯಲ್ಲಿ ‘ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂದಾಗ ಮಕ್ಕಳು ದುಡಿಮೆಯ ಮಹಿಮೆಯ ಮೇಲೆ ಹತ್ತು ಸಾಲು ಬರೆದು ಅಂಕ ಗಳಿಸುತ್ತಾರೆ. ಗಾದೆಯ ಕಟ್ಟನ್ನು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ನಾಲ್ಕೇ ಪದಗಳ ಈ ಮಾತು ಪೂರ್ತಿ ಕವಿತೆ.

ಪ್ರಸ್ತಾರ ಹಾಕಿ ನೋಡಿ. ‘ಕೈಕೆಸ’, ‘ರಾದರೆ’ ನಾಲ್ಕು ನಾಲ್ಕು ಮಾತ್ರೆ. ‘ಬಾಯಿ’, ‘ಮೊಸರು’ ಮೂರು ಮೂರು. ದುಡಿಮೆಯ ಪಾಲು ಉದ್ದ, ಉಣ್ಣುವ ಪಾಲು ಗಿಡ್ಡ. ಇನ್ನು ಪ್ರಾಸ. ಹ್ರಸ್ವದ ಮುಂದೆ ಪ್ರಾಸಾಕ್ಷರ ಬಂದರೆ ಅದು ಸಿಂಹಪ್ರಾಸ ಎನ್ನುತ್ತದೆ 10ನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’. ಸಾಲಿನ ಮೊದಲಿಗೇ ಕೂರಬೇಕೆಂಬ ಶಿಸ್ತನ್ನು ಬಿಟ್ಟರೆ ಕೆಸರು, ಮೊಸರು ಅದೇ ಜಾತಿಯವು. ಆದರೆ ಲೋಪಸಂಧಿ ‘ಕೆಸರಾದರೆ’ಯಲ್ಲಿ ಉಕಾರವನ್ನು ನುಂಗಿದೆ. ‘ಮೊಸರು’ ಕಿವಿಗೆ ಬಿದ್ದ ಮೇಲಷ್ಟೇ, ಹಿಂದೆ ಸರಿದುಹೋದ ‘ಕೆಸರು’ ಇಡಿಯಾಗಿ ಕೇಳಿಸುತ್ತದೆ. (ಕಳೆದ ಶತಮಾನದ ಆರಂಭದಲ್ಲಿ ಗೋವಿಂದ ಪೈಗಳು ಪ್ರಾಸವನ್ನು ಕೈಬಿಟ್ಟರು. ಗದ್ದೆಯ ಬದುವಿಗೆ ಆ ಸುದ್ದಿ ಮುಟ್ಟಿದಂತಿಲ್ಲ.)

ನನಗೆ ಹೆಚ್ಚು ಹಿಡಿಸುವುದು ಕೆಸರು ಮೊಸರುಗಳ ಜೋಡಿ. ಬಣ್ಣದಲ್ಲಿ ಎದುರುಬದುರು; ಮುಟ್ಟಿದರೆ ಎರಡೂ ತಣ್ಣಗೆ, ಮೆತ್ತಗೆ, ಬೆರಳ ಸಂದಿಗೆ ಇಳಿಯುವಂಥವು. ನಾಟಿಯ ದಿನ ಸಸಿ ಊರಿದ ಬೆರಳುಗಳೇ ಊಟದ ಕೊನೆಗೆ ಮೊಸರನ್ನ ಕಲಸುತ್ತವೆ. ಎರಡನೆಯ ಭಾಗದಲ್ಲಿ ‘ಕೈ’ ಎಂಬ ಪದವಿಲ್ಲ, ಆದರೂ ಕೈ ಇದೆ. ಮೊಸರಿನ ಜಾಗದಲ್ಲಿ ‘ಹಾಲು’ ಇಟ್ಟರೆ ಅರ್ಥವೇನೂ ಕೆಡುವುದಿಲ್ಲ. ಆದರೆ ಹಾಲನ್ನು ಯಾರೂ ಕಲಸುವುದಿಲ್ಲ, ಪ್ರಾಸವೂ ಹೋಯಿತು, ನಂಬಿಕೆಯೂ ಹೋಯಿತು. ‘ಅಂತೆ’, ‘ಹಾಗೆ’ ಎಂಬ ಉಪಮಾವಾಚಕದ ಹಂಗಿಲ್ಲದೆ ಸಾಮ್ಯ ತಾನಾಗಿ ಹೊಳೆಯುತ್ತದೆ.

ಎರಡನೆಯ ಭಾಗಕ್ಕೆ ಕ್ರಿಯಾಪದವೂ ಇಲ್ಲ. ‘ಮೊಸರಾಗುತ್ತದೆ’ ಎಂದು ತುಂಬಿದರೆ ಗದ್ಯವಾಗಿಬಿಡುತ್ತದೆ, ಬಾಯಿಯೇ ಹೆಪ್ಪುಗಟ್ಟಿದಂತೆ ನಗೆ ಬರುತ್ತದೆ. ಕ್ರಿಯಾಪದ ಇಲ್ಲದ ಮೇಲೆ ಕಾಲವೂ ಇಲ್ಲ. ನಾಟಿಗೂ ಕೊಯ್ಲಿಗೂ ನಡುವೆ ತಿಂಗಳುಗಟ್ಟಲೆ ಮಳೆ ನೋಡುತ್ತ ಕೂತದ್ದು, ಕಳೆ ಕಿತ್ತದ್ದು, ಸಾಲ ತಂದದ್ದು ಎಲ್ಲ ಒಂದು ‘-ದರೆ’ಯೊಳಗೆ ಅಡಗಿದೆ.

ಇದಕ್ಕಿಂತ ದೊಡ್ಡ ಮೌನವೊಂದಿದೆ. ಷಷ್ಠೀ ವಿಭಕ್ತಿಯೇ ಇಲ್ಲ: ಯಾರ ಕೈ, ಯಾರ ಬಾಯಿ? ಎರಡೂ ಒಬ್ಬನವೇ ಎಂದು ನಾವು ಎಣಿಸುವುದು ಪ್ರಾಸದ ಕರಾಮತ್ತಿನಿಂದ. ಶಬ್ದಗಳು ಅಷ್ಟು ಚೆನ್ನಾಗಿ ಕೂಡುವಾಗ ಮನುಷ್ಯರೂ ಕೂಡಿರಲೇಬೇಕು ಅನಿಸುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಜಗಳದಿಂದ. ಕೆಸರಾದ ಕೈ ಅವರದು, ಮೊಸರಿನ ಬಾಯಿ ಬಹುಪಾಲು ಒಡೆಯರದು. ಗೇಣಿ ಪದ್ಧತಿಯನ್ನು ಕಾನೂನು ತೆಗೆದುಹಾಕಿದ್ದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ. ಅಲ್ಲಿಯತನಕ ಈ ಗಾದೆಯನ್ನು ಒಡೆಯ ಗೇಣಿದಾರನಿಗೆ ಹೇಳಬಹುದಿತ್ತು, ಗೇಣಿದಾರ ತನ್ನ ಮಗನಿಗೆ ಹೇಳಬಹುದಿತ್ತು. ವ್ಯಾಕರಣ ಇಬ್ಬರಿಗೂ ಅಡ್ಡಬರುತ್ತಿರಲಿಲ್ಲ.